ಮುಂಡರಗಿ ಕಡೆ ಸಮಾಜ ವಿಜ್ಞಾನ ಯಾಕೆ ಬೇಕು

ಗಣಿತ, ಇಂಗ್ಲಿಷ್ ಬಂದರೆ ಸಾಕು, ಸಮಾಜ ವಿಜ್ಞಾನ ಬರೇ ಬಾಯಿಪಾಠ, ಅದರಿಂದ ಏನು ಉಪಯೋಗ ಅಂತ ಕೇಳಿದ್ರಿ. ಒಮ್ಮೆ ನಮ್ಮ ಗದಗ ಜಿಲ್ಲೆಯ ಮುಂಡರಗಿಗೆ ಬಂದು ನೋಡ್ರಿ.

ಮುಂಡರಗಿಯಿಂದ ಕೊಪ್ಪಳದ ದಾರಿ ಹಿಡಿದರೆ ಅಳವಂಡಿ ಸಿಗತೈತಿ. ಅಲ್ಲೂ ಇದೇ ಎರಿ ಹೊಲ, ಇದೇ ಜೋಳ, ಇದೇ ಮಾತು. ಹೆಣ್ಣು ಕೊಡೋದು ತರೋದು ಮೊದಲಿಂದ ನಡದೈತಿ. ಆದರೆ ಅಕ್ಕನ ಮಗ ಅಳವಂಡಿಯವ, ತಂಗಿಯ ಮಗ ಮುಂಡರಗಿಯವ ಆದರೆ, ಅಕ್ಕನ ಮಗನಿಗೆ ಕಲ್ಯಾಣ ಕರ್ನಾಟಕ ಭಾಗದವರಿಗೆ ಸಂವಿಧಾನದ 371ಜೆ ವಿಧಿ ಕೊಟ್ಟ ಮೀಸಲಾತಿ ಐತಿ, ತಂಗಿಯ ಮಗನಿಗೆ ಇಲ್ಲ. ಆ ಭಾಗದ ಸಿ ದರ್ಜೆ ಸರ್ಕಾರಿ ಹುದ್ದೆಗಳಲ್ಲಿ ನೂರಕ್ಕೆ 80 ಸ್ಥಳೀಯರಿಗೇ. ನೇಮಕಾತಿ ಪಟ್ಟಿ ಬಂದ ದಿನ ಮನೆಯೊಳಗೇ ಮುನಿಸು. 'ಅವರಿಗ್ಯಾಕ, ನಮಗ್ಯಾಕ ಇಲ್ಲ?'

ಇದಕ್ಕೆ ಉತ್ತರ ಗಣಿತದಲ್ಲಿಲ್ಲ. ಕೊಪ್ಪಳ ನಿಜಾಮನ ಸಂಸ್ಥಾನದಲ್ಲಿತ್ತು, ಮುಂಡರಗಿ ಮುಂಬೈ ಪ್ರಾಂತ್ಯದಲ್ಲಿ. ತುಂಗಭದ್ರೆ ದಾಟಿದರೆ ಹಡಗಲಿ, ಅದು ಮದ್ರಾಸ್ ಪ್ರಾಂತ್ಯ. ಪಶ್ಚಿಮಕ್ಕೆ ಶಿರಹಟ್ಟಿ ಸಾಂಗಲಿ ಸಂಸ್ಥಾನದ್ದು, ಲಕ್ಷ್ಮೇಶ್ವರ ಮಿರಜಿನದ್ದು. ಎಲ್ಲ ಕಡೆ ಕನ್ನಡವೇ, ಆಳುವವರು ಮಾತ್ರ ಬೇರೆ. ನಿಜಾಮನ ಪರ ನಿಂತ ರಜಾಕಾರರ ಪಡೆಯ ಹಾವಳಿಯಲ್ಲಿ ಕೊಪ್ಪಳದ ಕಡೆಯವರು ಊರು ಬಿಟ್ಟು ಈ ಕಡೆ ಬಂದರು. ನಿಜಾಮನ ವಿರುದ್ಧದ ಹೋರಾಟಗಾರರ ಶಿಬಿರ ನಡೆದದ್ದು ಇದೇ ಮುಂಡರಗಿಯಲ್ಲಿ. ದೇಶಕ್ಕೆ 1947ರಲ್ಲೇ ಸ್ವಾತಂತ್ರ್ಯ ಬಂದರೂ ಕೊಪ್ಪಳದವರು 1948ರ ಸೆಪ್ಟೆಂಬರ್‌ವರೆಗೆ ಕಾಯಬೇಕಾಯ್ತು. ಶಾಲೆ, ರಸ್ತೆ, ನೌಕರಿ ಎಲ್ಲದರಲ್ಲೂ ಆ ಭಾಗ ಹಿಂದೆ ಬಿತ್ತು. 371ಜೆ ತಂದ 2012ರ ಸಂವಿಧಾನ ತಿದ್ದುಪಡಿ ಬಂದದ್ದು ಅದಕ್ಕೆ.

ಇದು ತಿಳಿದ ಹುಡುಗ ಅಣ್ಣನ ಮೇಲೆ ಹೊಟ್ಟೆಕಿಚ್ಚು ಪಡೋದಿಲ್ಲ. ಆದರೆ ನಮ್ಮ ಮಕ್ಕಳು 'ಏಕೀಕರಣ, 1 ನವೆಂಬರ್ 1956' ಅಂತ ಒಂದು ಅಂಕದ ಉತ್ತರ ಬರೆದು ಮುಂದೆ ಹೋಗತಾರ. ಗೋಡೆಯ ಮೇಲಿನ ಕರ್ನಾಟಕದ ನಕಾಶೆಯಲ್ಲಿ ಹಳೆಯ ಗೆರೆಗಳನ್ನು ಪೆನ್ಸಿಲಿನಿಂದ ಎಳೆಸಿದರೆ, ನಮ್ಮ ಊರು ಯಾವ ಮೂಲೆಗೆ ಬಿತ್ತು ಅಂತ ಅವರಿಗೇ ಕಾಣತೈತಿ.

ಮುಂದಿನ ಪ್ರಶ್ನೆ ಅವರೇ ಕೇಳತಾರ: ಗೆರೆಯ ಈ ಕಡೆಯ ಬಡ ತಾಲ್ಲೂಕಿನ ಗತಿ ಏನು? ರಾಜ್ಯದ ಪ್ರಾದೇಶಿಕ ಅಸಮತೋಲನದ ಬಗ್ಗೆ ಬಂದ 2002ರ ನಂಜುಂಡಪ್ಪ ವರದಿ ಜಿಲ್ಲೆ ನೋಡದೆ ತಾಲ್ಲೂಕು ತಾಲ್ಲೂಕಾಗಿ ಅಳೆದು, 175ರಲ್ಲಿ 114 ತಾಲ್ಲೂಕು ಹಿಂದುಳಿದಿವೆ ಅಂದಿತ್ತು. ಹತ್ತನೆಯ ತರಗತಿಯ ಹುಡುಗಿ ಅದನ್ನು ಓದಿ, ನಮ್ಮ ತಾಲ್ಲೂಕಿಗೆ ಏನು ಬಂತು ಅಂತ ಶಾಸಕರನ್ನು ಎದುರಿಗೇ ಕೇಳುವಂತಾಗಬೇಕು. ಈ ವಿಷಯ ಇರೋದೇ ಅದಕ್ಕ ನೋಡ್ರಿ.