ಇಪ್ಪತ್ತೆರಡು ದೀಪಗಳು ಒಂದೇ ಜಾಗದಲ್ಲಿ ಆರಿದ್ದೇಕೆ?

ಭರಮಸಾಗರದ ಹತ್ತಿರದ ಓದುಗರೊಬ್ಬರ ಪತ್ರ: "ಜನವರಿ ನಡುವಿನ ಒಂದು ಸಂಜೆ, ಏಳೂಕಾಲರ ಸುಮಾರಿಗೆ ಮೋಟಾರು ಹಾಕಲು ಹೊಲಕ್ಕೆ ಹೋಗಿದ್ದೆವು. ನೈರುತ್ಯದಿಂದ ದೀಪಗಳ ಸಾಲೊಂದು ಬಂತು. ಎಣಿಸಿದೆವು, ಇಪ್ಪತ್ತೆರಡು. ಸದ್ದಿಲ್ಲ. ನೆತ್ತಿ ದಾಟಿ ಈಶಾನ್ಯಕ್ಕೆ ಅರ್ಧ ಇಳಿದ ಮೇಲೆ ಒಂದೇ ಜಾಗದಲ್ಲಿ ಒಂದೊಂದಾಗಿ ಆರಿಹೋದವು. ಚಳ್ಳಕೆರೆಯಿಂದ ಬಿಟ್ಟ ಡ್ರೋನು ಅಂತ ಊರಲ್ಲಿ ಮಾತು. ಉಪಗ್ರಹವಾದರೆ ನಡುದಾರಿಯಲ್ಲಿ ಆರೋದು ಯಾಕೆ? ನಮ್ಮ ಡಿಶ್ಶಿನ ಉಪಗ್ರಹವೂ ಹೀಗೇ ಕಾಣುತ್ತದೆಯೇ?"

ಸಂಪಾದಕರ ಉತ್ತರ:

ಹೊತ್ತು, ದಿಕ್ಕು, ಎಣಿಕೆ ಮೂರನ್ನೂ ಬರೆದಿದ್ದೀರಿ. "ಏನೋ ಬೆಳಕು ಕಂಡಿತು" ಎಂದಷ್ಟೇ ಬರೆಯುವವರಿಗೆ ಉತ್ತರಿಸುವುದು ಕಷ್ಟ; ನಿಮಗೆ ಧೈರ್ಯವಾಗಿ ಉತ್ತರಿಸಬಹುದು. ನೀವು ಕಂಡದ್ದು ಇಂಟರ್‌ನೆಟ್ ಒದಗಿಸಲು ಅಮೆರಿಕದ ಸ್ಪೇಸ್‌ಎಕ್ಸ್ ಕಂಪನಿ ಹಾರಿಸುವ ಸ್ಟಾರ್‌ಲಿಂಕ್ ಉಪಗ್ರಹಗಳ ಸಾಲು, ಅದೂ ಹಾರಿಸಿ ಕೆಲವೇ ದಿನವಾದ ತಂಡ. ಅದಕ್ಕೆ ಪುರಾವೆ ನಿಮ್ಮ ಪ್ರಶ್ನೆಯಲ್ಲೇ ಇದೆ.

ಉಪಗ್ರಹ ನಮಗೆ ಕಾಣುವುದು ತನ್ನ ದೀಪದಿಂದಲ್ಲ. ಬಿಸಿಲು ಬಿದ್ದರೆ ಹೊಳೆಯುತ್ತದೆ, ಬೀಳದಿದ್ದರೆ ಇಲ್ಲ. ಜನವರಿ ನಡುವಿನಲ್ಲಿ ನಿಮ್ಮಲ್ಲಿ ಸೂರ್ಯ ಮುಳುಗುವುದು 6.15ರ ಆಸುಪಾಸು. ಆಮೇಲೆ ಭೂಮಿಯ ನೆರಳು ಪೂರ್ವದಿಂದ ಏರುತ್ತಾ ಬರುತ್ತದೆ. 7.15ರ ಹೊತ್ತಿಗೆ ನಿಮ್ಮ ನೆತ್ತಿಯ ನೇರಕ್ಕೆ ಸುಮಾರು 200 ಕಿ.ಮೀ. ಎತ್ತರದವರೆಗೆ ನೆರಳು, ಅದರ ಮೇಲೆ ಇನ್ನೂ ಬಿಸಿಲು. ಹೊಸ ತಂಡ ಹಾರುವುದು 300 ಕಿ.ಮೀ. ಆಸುಪಾಸಿನಲ್ಲಿ, ಹಾಗಾಗಿ ನೆತ್ತಿಯ ಮೇಲೆ ಹೊಳೆಯುತ್ತಿತ್ತು. ಪೂರ್ವಕ್ಕೆ ಸರಿದಷ್ಟೂ ನೆರಳು ಎತ್ತರ. ಇನ್ನೊಂದು ಇನ್ನೂರೈವತ್ತು-ಮುನ್ನೂರು ಕಿ.ಮೀ. ಸಾಗುವಷ್ಟರಲ್ಲಿ ನೆರಳು ಅವುಗಳ ಎತ್ತರವನ್ನೂ ಮುಟ್ಟಿತ್ತು. ಮೊದಲನೆಯದು ನೆರಳು ಹೊಕ್ಕ ಜಾಗದಲ್ಲೇ ಹಿಂದಿನವೂ ಸರದಿಯಂತೆ ಹೊಕ್ಕವು. ಬೆಳಗಿನ ಜಾವ ನೋಡಿದರೆ ಇದೇ ಆಟ ತಿರುಗಾಮುರುಗಾ: ನಡು ಆಕಾಶದಲ್ಲಿ ಏಕಾಏಕಿ ಹೊತ್ತಿಕೊಳ್ಳುತ್ತವೆ.

ನಿಮ್ಮ ಸೀಮೆಗೆ ಜನವರಿಯ ಲೆಕ್ಕ ಹೀಗಿದೆ. ಸೂರ್ಯ ಮುಳುಗಿ ಸುಮಾರು 70 ನಿಮಿಷದವರೆಗೆ 300 ಕಿ.ಮೀ. ಎತ್ತರದ ಉಪಗ್ರಹ ನೆತ್ತಿಯ ಮೇಲೆ ಕಾಣುತ್ತದೆ. 420 ಕಿ.ಮೀ.ಗೆ 85 ನಿಮಿಷ, 550 ಕಿ.ಮೀ.ಗೆ 95 ನಿಮಿಷ. ಪಡುವಣದಲ್ಲಿ ತಗ್ಗಿನಲ್ಲಿ ಇನ್ನೂ ಸ್ವಲ್ಪ ಹೊತ್ತು ಕಾಣಬಹುದು. ಮಧ್ಯರಾತ್ರಿ ನೆತ್ತಿಯ ಮೇಲೆ ದೀಪ ಓಡಿತೆಂದು ಯಾರಾದರೂ ಹೇಳಿದರೆ ಮೊದಲು ವಿಮಾನವನ್ನೇ ಅನುಮಾನಿಸಿ. ವಿಮಾನದ ಎಡ ರೆಕ್ಕೆಯಲ್ಲಿ ಕೆಂಪು, ಬಲ ರೆಕ್ಕೆಯಲ್ಲಿ ಹಸಿರು ದೀಪ, ಜೊತೆಗೆ ಫಕ್ ಫಕ್ ಎಂದು ಮಿನುಗುವ ಬಿಳಿ ದೀಪ ಇರುತ್ತವೆ. ಉಪಗ್ರಹದ ಬೆಳಕು ಹಾಗೆ ಬಡಿದುಕೊಳ್ಳುವುದಿಲ್ಲ.

ಸ್ಟಾರ್‌ಲಿಂಕ್‌ನ ಮೊದಲ 60 ಉಪಗ್ರಹಗಳ ಗೊಂಚಲು ಹೋದದ್ದು 2019ರ ಮೇ ತಿಂಗಳಲ್ಲಿ. ಈಗ ಕಕ್ಷೆಯಲ್ಲಿರುವವು ಏಳು ಸಾವಿರಕ್ಕೂ ಹೆಚ್ಚು. ಒಂದೇ ರಾಕೆಟ್ಟಿನಿಂದ ಬಿಟ್ಟವು ಮೊದಲ ದಿನಗಳಲ್ಲಿ ಒಂದರ ಬಾಲ ಒಂದು ಹಿಡಿದಂತೆ ಸಾಗುತ್ತವೆ. ಆಮೇಲೆ ವಾರಗಟ್ಟಲೆ ಸ್ವಲ್ಪ ಸ್ವಲ್ಪವೇ ಮೇಲೇರಿ, ದೂರ ದೂರ ಸರಿದು, ಮಂಕಾಗುತ್ತವೆ. ಮಾರನೇ ವಾರ ಅದೇ ಹೊತ್ತಿಗೆ ಊರವರನ್ನೆಲ್ಲ ಸೇರಿಸಿ ತೋರಿಸಲು ಹೊರಟವರು ಪೆಚ್ಚಾಗುವುದು ಇದರಿಂದಲೇ. ಹೆಚ್ಚಿನವುಗಳ ಪಥ ಸಮಭಾಜಕಕ್ಕೆ 53 ಡಿಗ್ರಿ ಓರೆ. ಹಾಗಾಗಿ ನಮ್ಮ ಮೇಲೆ ನೈರುತ್ಯದಿಂದ ಈಶಾನ್ಯಕ್ಕೋ ವಾಯವ್ಯದಿಂದ ಆಗ್ನೇಯಕ್ಕೋ ಹಾಯುತ್ತವೆ. ಸದ್ದಿನ ಮಾತೇ ಇಲ್ಲ, ಅಷ್ಟೆತ್ತರದಲ್ಲಿ ಸದ್ದನ್ನು ಹೊತ್ತು ತರುವಷ್ಟು ಗಾಳಿಯಿಲ್ಲ.

ಚಳ್ಳಕೆರೆಯ ಗುಮಾನಿ ಹುಟ್ಟಿದ್ದು ಸಹಜ. ಅಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ಪರೀಕ್ಷಾ ನೆಲೆ ಇದೆ, ಪೈಲಟ್ ಇಲ್ಲದ ವಿಮಾನಗಳನ್ನು ಹಾರಿಸುತ್ತಾರೆ. ಮತ್ತೆ ಮತ್ತೆ ಬಳಸಲೆಂದು ಇಸ್ರೋ ಪರೀಕ್ಷಿಸಿದ ರೆಕ್ಕೆಯ ಬಾಹ್ಯಾಕಾಶ ವಾಹನ ಇಳಿದದ್ದೂ ಅಲ್ಲಿಯೇ: 2023ರ ಏಪ್ರಿಲ್ 2, 2024ರ ಮಾರ್ಚ್ 22 ಮತ್ತು ಜೂನ್ 23. ಆದರೆ ಆ ಮೂರೂ ಬೆಳಗಿನ ಹೊತ್ತಿನವು, ಹೆಲಿಕಾಪ್ಟರಿನಿಂದ ನಾಲ್ಕೂವರೆ ಕಿ.ಮೀ. ಎತ್ತರದಲ್ಲಿ ಬಿಟ್ಟವು. ದಿಗಂತದಿಂದ ದಿಗಂತದ ಕಡೆಗೆ ಸದ್ದಿಲ್ಲದೆ ನಾಲ್ಕೈದು ನಿಮಿಷದಲ್ಲಿ ಸಾಗಿ, ಒಂದೇ ಬಿಂದುವಿನಲ್ಲಿ ಸಾಲಾಗಿ ದೀಪ ಆರಿಸುವ ಕೆಲಸ ಡ್ರೋನಿನದಲ್ಲ.

ಇನ್ನು ಮುಂದೆ ನೀವೇ ಪರೀಕ್ಷಿಸಿ. ಕಲಿಯಲು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಒಳ್ಳೆಯದು, ಸರಿಯಾದ ಹಾದಿಯಲ್ಲಿ ಬಂದರೆ ಎಲ್ಲ ನಕ್ಷತ್ರಗಳಿಗಿಂತ ಪ್ರಕಾಶ. ಯಾವ ಉಪಗ್ರಹ ಯಾವಾಗ ಎಲ್ಲಿ ಕಾಣುತ್ತದೆಂದು ಲೆಕ್ಕ ಕೊಡುವ 'ಹೆವೆನ್ಸ್ ಅಬವ್' ಜಾಲತಾಣವನ್ನು ಮೊಬೈಲಿನಲ್ಲಿ ತೆರೆದು ಮೊದಲು ಸ್ಥಳ ತುಂಬಿ: ಚಿತ್ರದುರ್ಗಕ್ಕೆ ಅಕ್ಷಾಂಶ 14.23, ರೇಖಾಂಶ 76.40; ದಾವಣಗೆರೆಗೆ 14.46 ಮತ್ತು 75.92. ಹೆಚ್ಚಿನವರು ಎಡವುವುದು ಇಲ್ಲೇ. ಸ್ಥಳ ತುಂಬದಿದ್ದರೆ ಅದು ಸಮಭಾಜಕದ ಮೇಲಿನ ಯಾವುದೋ ಕಡಲಿನ ಲೆಕ್ಕ ಕೊಡುತ್ತದೆ, ಹೊತ್ತೂ ನಮ್ಮ ಗಡಿಯಾರಕ್ಕಿಂತ ಐದೂವರೆ ಗಂಟೆ ಹಿಂದಿರುತ್ತದೆ. ಪ್ರಕಾಶದ ಅಂಕಣದಲ್ಲಿ ಸಂಖ್ಯೆ ಕಡಿಮೆಯಾದಷ್ಟೂ ಹೊಳಪು ಹೆಚ್ಚು. ಮೈನಸ್ 3 ಬಂದ ದಿನ ಖಂಡಿತ ಅಂಗಳಕ್ಕೆ ಬನ್ನಿ. ಕೈ ನೀಳವಾಗಿ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಸುಮಾರು 10 ಡಿಗ್ರಿ. ನಿಲ್ದಾಣ ನೆತ್ತಿಯ ಹತ್ತಿರ ಒಂದು ಮುಷ್ಟಿ ದಾಟಲು ಹತ್ತು ಸೆಕೆಂಡು ತೆಗೆದುಕೊಳ್ಳುತ್ತದೆ, ದಿಗಂತದ ಬಳಿ ಇನ್ನೂ ನಿಧಾನ. ಹೊಸ ಸ್ಟಾರ್‌ಲಿಂಕ್ ಸಾಲಿಗೆ ಮಾತ್ರ ಅದೇ ದಿನದ ಲೆಕ್ಕವನ್ನೇ ನೋಡಿ. ಅವು ದಿನವೂ ಎತ್ತರ ಬದಲಿಸುವುದರಿಂದ ಹಳೆಯ ಲೆಕ್ಕ ನಿಮಿಷಗಟ್ಟಲೆ ತಪ್ಪುತ್ತದೆ.

ಫೋಟೋ ಬೇಕಾದರೆ ಮೊಬೈಲನ್ನು ಕಲ್ಲಿಗೆ ಒರಗಿಸಿ, ಪ್ರೊ ಮೋಡಿನಲ್ಲಿ ಫೋಕಸ್ ಅನಂತಕ್ಕೆ, ಐಎಸ್‌ಒ 800, ಶಟರ್ 10 ಸೆಕೆಂಡಿಗೆ ಇಟ್ಟು, ಬೆರಳು ತಾಗಿ ಅಲುಗದಂತೆ ಮೂರು ಸೆಕೆಂಡಿನ ಟೈಮರ್ ಹಾಕಿ. ಉಪಗ್ರಹ ಕಡಿಯದ ಗೆರೆಯಾಗಿ ಬರುತ್ತದೆ, ವಿಮಾನ ಚುಕ್ಕಿ ಚುಕ್ಕಿಯಾಗಿ. ಜೂಮ್ ಮಾಡಿದ ವಿಡಿಯೋ ನಂಬಬೇಡಿ. ಕತ್ತಲಲ್ಲಿ ಮೊಬೈಲು ಫೋಕಸ್ ಹುಡುಕಿ ಸೋತು ಶುಕ್ರಗ್ರಹವನ್ನೂ ಉಬ್ಬಿದ ತಟ್ಟೆ ಮಾಡಿಬಿಡುತ್ತದೆ. ವಾಟ್ಸಾಪಿನಲ್ಲಿ ತಿರುಗುವ 'ಹಾರುವ ತಟ್ಟೆ'ಗಳಲ್ಲಿ ಇಂಥವೇ ಬಹಳ.

ನೀವು ನೋಡಿದ್ದಕ್ಕೆ ಹೊಂದದ ಇನ್ನೊಂದು ಬಗೆಯೂ ಉಂಟು: ಉರಿದು ಬೀಳುವ ರಾಕೆಟ್ ಚೂರು. ಅದು ಬಾಲ ಬಿಡುತ್ತದೆ, ಒಡೆದು ಹಲವಾಗುತ್ತದೆ, ಉಲ್ಕೆಗಿಂತ ಬಹಳ ನಿಧಾನ. 2022ರ ಏಪ್ರಿಲ್ 2ರ ರಾತ್ರಿ ಮಹಾರಾಷ್ಟ್ರದಲ್ಲಿ ಕಂಡದ್ದು ಅಂಥದು. ಚಂದ್ರಪುರ ಜಿಲ್ಲೆಯಲ್ಲಿ ದೊಡ್ಡ ಲೋಹದ ಬಳೆ ನೆಲಕ್ಕೂ ಬಿತ್ತು. ಅಂಥ ಚೂರು ಸಿಕ್ಕರೆ ಮುಟ್ಟದೆ ಪೊಲೀಸರಿಗೆ ತಿಳಿಸಿ.

ಡಿಶ್ಶಿನ ಉಪಗ್ರಹ ಬರಿಗಣ್ಣಿಗೆ ಕಾಣುವುದಿಲ್ಲ. ಅದು ಸುಮಾರು 36,000 ಕಿ.ಮೀ. ದೂರದಲ್ಲಿದೆ, ಭೂಮಿಯ ಜೊತೆಗೇ ಸುತ್ತುವುದರಿಂದ ಜಾಗ ಬಿಟ್ಟು ಕದಲಿದಂತೆ ತೋರುವುದಿಲ್ಲ. ಡಿಡಿ ಫ್ರೀ ಡಿಶ್ ಆಗಿದ್ದರೆ ನಿಮ್ಮ ತಟ್ಟೆ ಮುಖ ಮಾಡಿರುವುದು ಆಗ್ನೇಯಕ್ಕೆ, ಸಾಕಷ್ಟು ಮೇಲಕ್ಕೆ. ಒಮ್ಮೆ ಬಿಗಿ ಮಾಡಿದ ತಟ್ಟೆಯನ್ನು ಮತ್ತೆ ತಿರುಗಿಸಬೇಕಿಲ್ಲದಿರುವುದೂ ಅದಕ್ಕೇ.

—ಸಂ.