ಇಂಕಾ ಹಾದಿಯಲ್ಲಿ ಮೌನ, ಉಪವಾಸ ಮತ್ತು ಉಸಿರು

ಪ್ರಶ್ನೆ: ನಾವು ಹನ್ನೆರಡು ಮಂದಿ ಧ್ಯಾನಾಭ್ಯಾಸಿಗಳು ಪೆರುವಿನ ಇಂಕಾ ಹಾದಿಯಲ್ಲಿ ನಾಲ್ಕು ದಿನ ನಡೆದು ಮಾಚು ಪಿಚು ತಲುಪಬೇಕೆಂದಿದ್ದೇವೆ. ದಾರಿಯುದ್ದಕ್ಕೂ ಮೌನ, ಮೊದಲ ಎರಡು ದಿನ ಉಪವಾಸ, ಕೊನೆಗೆ ಅಲ್ಲಿನ ಸೂರ್ಯಶಿಲೆಯ ಮೇಲೆ ಕೈಯಿಟ್ಟು ಧ್ಯಾನ ಎಂಬುದು ನಮ್ಮ ಸಂಚಾಲಕರ ಯೋಜನೆ. ನನಗೀಗ 56 ವರ್ಷ. ಇದು ನನ್ನಿಂದ ಆಗುವ ಕೆಲಸವೇ? ಆ ನೆಲದ ಶ್ರದ್ಧೆಗೆ ಇದು ಒಪ್ಪುತ್ತದೆಯೇ?

ಉತ್ತರ: ನಿಮ್ಮ ವಯಸ್ಸಿಗಿಂತ ಆ ಉಪವಾಸವೇ ನನ್ನನ್ನು ಹೆಚ್ಚು ಚಿಂತೆಗೀಡುಮಾಡಿದೆ. ಸುಮಾರು 43 ಕಿಲೋಮೀಟರಿನ ಈ ಹಾದಿಯ ಅತಿ ಕಠಿಣವಾದ ಏರು ಬರುವುದು ಎರಡನೆಯ ದಿನವೇ. ಅಂದು ದಾಟಬೇಕಾದ, ಅಲ್ಲಿನ ಮೂಲನಿವಾಸಿಗಳ ಕೆಚುವಾ ಭಾಷೆಯಲ್ಲಿ 'ಸತ್ತ ಹೆಂಗಸು' ಎಂಬ ಅರ್ಥದ ಹೆಸರಿರುವ ಕಣಿವೆದಾರಿಯು 4,200 ಮೀಟರಿಗೂ ಎತ್ತರದಲ್ಲಿದ್ದು, ಅಲ್ಲಿ ಒಂದು ಉಸಿರಿಗೆ ದಕ್ಕುವ ಆಮ್ಲಜನಕ ಸಮುದ್ರಮಟ್ಟದಲ್ಲಿ ಸಿಗುವುದರ ಐದರಲ್ಲಿ ಮೂರು ಪಾಲಿನಷ್ಟು ಮಾತ್ರ. ಅಂಥ ಕಡೆ ಹೊಟ್ಟೆಯನ್ನು ಬರಿದು ಮಾಡಿಕೊಂಡು, ನೀರನ್ನೂ ಕಡಿಮೆ ಕುಡಿದು ಹತ್ತುವುದು ಸಾಧನೆಯಲ್ಲ, ಅಪಾಯ. ಎತ್ತರದ ಕಾಯಿಲೆ ವಯಸ್ಸನ್ನು ನೋಡಿ ಬರುವುದಿಲ್ಲ. ಅವಸರದಿಂದ ಏರಿದವರು ಗಟ್ಟಿಮುಟ್ಟಾದ ಯುವಕರಾದರೂ ಅದಕ್ಕೆ ಸಿಕ್ಕಿಬೀಳುತ್ತಾರೆ. ಆದ್ದರಿಂದ ಹೊರಡುವ ಮುನ್ನ ವೈದ್ಯರಿಗೆ ತೋರಿಸಿಕೊಳ್ಳಿ. 3,400 ಮೀಟರ್ ಎತ್ತರದ ಕುಸ್ಕೊ ನಗರದಲ್ಲಾಗಲಿ, ಅದಕ್ಕಿಂತ ತಗ್ಗಿನಲ್ಲಿರುವ ಪವಿತ್ರ ಕಣಿವೆಯಲ್ಲಾಗಲಿ ಎರಡು ಮೂರು ದಿನ ಸುಮ್ಮನೆ ಇದ್ದು, ದೇಹ ಹೊಂದಿಕೊಂಡ ಮೇಲೆ ನಡಿಗೆ ಆರಂಭಿಸಿ.

ಮೌನದ ಬಗ್ಗೆ ನನ್ನ ತಕರಾರಿಲ್ಲ, ಆದರೆ ಒಂದು ಷರತ್ತಿದೆ. ತಲೆನೋವು, ವಾಕರಿಕೆ, ಹೆಜ್ಜೆ ತಪ್ಪುವುದು, ಇವುಗಳಲ್ಲಿ ಯಾವುದು ಕಾಣಿಸಿಕೊಂಡರೂ ಆ ಕ್ಷಣವೇ ಬಾಯಿಬಿಟ್ಟು ಹೇಳಬೇಕೆಂದು ಗುಂಪಿನಲ್ಲಿ ಮೊದಲೇ ಗೊತ್ತುಮಾಡಿಕೊಳ್ಳಿ. ವ್ರತ ಕೆಡುತ್ತದೆಂದು ನೋವನ್ನು ನುಂಗಿಕೊಂಡು ಮೇಲೇರಿದವರ ಜೀವಕ್ಕೇ ಸಂಚಕಾರ ಬರಬಹುದು. ಹೆಜ್ಜೆ ತಪ್ಪತೊಡಗಿದವರನ್ನು ತಡಮಾಡದೆ ಕೆಳಗಿಳಿಸಬೇಕು.

ಇನ್ನು ಸೂರ್ಯಶಿಲೆ. ಇಂತಿವತಾನಾ ಎಂಬ ಆ ಕಲ್ಲನ್ನು ಈಗ ಯಾರೂ ಮುಟ್ಟುವಂತಿಲ್ಲ. 2000ದಲ್ಲಿ ಬಿಯರ್ ಜಾಹೀರಾತೊಂದರ ಚಿತ್ರೀಕರಣದ ವೇಳೆ ಕ್ರೇನ್ ಬಿದ್ದು ಅದರ ಅಂಚು ಮುಕ್ಕಾಯಿತು. ಶತಮಾನಗಳ ಮಳೆಬಿಸಿಲನ್ನು ತಾಳಿಕೊಂಡ ಕಲ್ಲಿಗೆ ಒಂದು ದಿನದ ಅಜಾಗರೂಕತೆ ಮಾಡಿದ ಗಾಯವದು. ನೆನೆದರೆ ಇಂದಿಗೂ ಸಂಕಟವಾಗುತ್ತದೆ. ದೂರದಿಂದಲೇ ಕೈಮುಗಿಯಿರಿ.

ಆ ನೆಲದ ಶ್ರದ್ಧೆ ಕಲ್ಲಿನ ಕಟ್ಟಡಗಳಿಗಿಂತ ಬೆಟ್ಟಗಳಲ್ಲಿಯೇ ಹೆಚ್ಚಾಗಿ ನೆಲೆಸಿದೆ. ಕೆಚುವಾ ಜನ ಪರ್ವತಗಳನ್ನು 'ಅಪು' ಎಂದು, ಅಂದರೆ ಒಡೆಯನೆಂದು ಕರೆಯುತ್ತಾರೆ; 6,271 ಮೀಟರ್ ಎತ್ತರದ ಸಾಲ್ಕಂತಾಯ್ ಅಂಥ ದೊಡ್ಡ ಅಪುಗಳಲ್ಲೊಂದು. ಭೂಮಿ ಅವರಿಗೆ ಪಚಮಾಮಾ, ತಾಯಿ. ಸೀಳಿಲ್ಲದ ಮೂರು ಕೋಕಾ ಎಲೆಗಳನ್ನು ಆರಿಸಿ, ಬೀಸಣಿಗೆಯಂತೆ ಬೆರಳ ತುದಿಯಲ್ಲಿ ಜೋಡಿಸಿ, ತುಟಿಯ ಬಳಿ ಹಿಡಿದು, ಶಿಖರದ ಹೆಸರು ಹೇಳಿ ಅದರತ್ತ ಮೆಲ್ಲನೆ ಉಸಿರೂದುತ್ತಾರೆ. ನಿಮ್ಮ ಹೊರೆ ಹೊರುವವರಲ್ಲಿ ಬಹುತೇಕರು ಇದೇ ಸಂಪ್ರದಾಯದ ಹಳ್ಳಿಗಳಿಂದ ಬಂದವರು. ಅವರೊಂದಿಗೆ ಮಾತಾಡುವುದಕ್ಕಾದರೂ ಸಂಜೆಯ ಹೊತ್ತು ಮೌನವನ್ನು ಬಿಡಿ. ಒಬ್ಬರ ಬೆನ್ನ ಮೇಲೆ 20 ಕಿಲೋಗಿಂತ ಹೆಚ್ಚು ಹೊರಿಸಬಾರದೆಂಬ ಕಾನೂನು ಅಲ್ಲಿದೆ. ಅದು ಪಾಲನೆಯಾಗುತ್ತಿದೆಯೇ ಎಂದು ನೀವೇ ನೋಡಿಕೊಳ್ಳಿ. ಬೇರೆಯವರ ಬೆನ್ನು ಬಾಗಿಸಿ ಪಡೆಯುವ ಶಾಂತಿಯಲ್ಲಿ ನನಗೆ ನಂಬಿಕೆಯಿಲ್ಲ.

ಪರವಾನಗಿಯಿರುವ ಸಂಸ್ಥೆಯ ಮೂಲಕವಲ್ಲದೆ ಈ ಹಾದಿಗೆ ಪ್ರವೇಶವಿಲ್ಲ. ಮಾರ್ಗದರ್ಶಕರು, ಹೊರೆಯಾಳುಗಳು ಸೇರಿ ದಿನಕ್ಕೆ 500 ಮಂದಿಗಷ್ಟೇ ಅವಕಾಶವಿರುವುದರಿಂದ ಹಲವು ತಿಂಗಳು ಮೊದಲೇ ಕಾದಿರಿಸಬೇಕು. ಮಳೆಗಾಲದ ಫೆಬ್ರುವರಿಯಲ್ಲಿ ಹಾದಿ ಮುಚ್ಚಿರುತ್ತದೆ. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಒಣಹವೆ.

ಪ್ರಶ್ನೆ: ಅಲ್ಲಿನವರಿಂದಲೇ ಪಚಮಾಮಾ ಪೂಜೆ ಮಾಡಿಸಬಹುದೇ? ನಾವೆಲ್ಲ ಸಸ್ಯಾಹಾರಿಗಳು.

ಉತ್ತರ: ಮಾಡಿಸಬಹುದು. 'ಪಾಕೊ' ಎಂದು ಕರೆಯಲಾಗುವ ಅಲ್ಲಿನ ವಿಧಿಜ್ಞರು ಕೋಕಾ ಎಲೆ, ಮೆಕ್ಕೆಜೋಳ, ಬೀಜ, ಸಿಹಿ ಮುಂತಾದವನ್ನು ಕಾಗದದ ಮೇಲೆ ಒಂದೊಂದಾಗಿ ಇಟ್ಟು, ಮಡಚಿ ಕಟ್ಟಿ, ಬೆಂಕಿಗೆ ಅರ್ಪಿಸುತ್ತಾರೆ ಅಥವಾ ಮಣ್ಣಿನಲ್ಲಿ ಹೂಳುತ್ತಾರೆ. ಆ ಕಟ್ಟಿನಲ್ಲಿ ಲಾಮಾ ಎಂಬ ಅಲ್ಲಿನ ಸಾಕುಪ್ರಾಣಿಯ ಕೊಬ್ಬನ್ನೂ ಇಡುವುದು ರೂಢಿ. ನಿಮಗೆ ಒಗ್ಗದಿದ್ದರೆ ಮೊದಲೇ ವಿನಯದಿಂದ ಕೇಳಿ ನೋಡಿ. ಅವರು ಒಪ್ಪದಿದ್ದರೆ ಬಲವಂತ ಮಾಡದೆ, ಪ್ರೇಕ್ಷಕರಾಗಿ ಕುಳಿತುಕೊಳ್ಳಿ. ಉಳಿದ ಕೋಕಾ ಎಲೆಗಳನ್ನು ಮಾತ್ರ ಪ್ರಸಾದವೆಂದು ಚೀಲದಲ್ಲಿ ತರಬೇಡಿ. ಪೆರುವಿನಲ್ಲಿ ಅದಕ್ಕೆ ಅಡ್ಡಿಯಿಲ್ಲ, ಆದರೆ ಕೊಕೇನ್ ತೆಗೆಯುವುದು ಇದೇ ಎಲೆಯಿಂದಾದ್ದರಿಂದ ಭಾರತದಲ್ಲಿ ಅದು ಅಪರಾಧ.