ಸ್ಪೂಲರ್ ಬಿದ್ದಿದ್ದಕ್ಕೆ ಫಾರ್ಮ್ಯಾಟ್ ಯಾಕ್ರೀ?

ಪ್ರಿಂಟರ್ ಬಗ್ಗೆ ಬಂದ ಪತ್ರಗಳನ್ನು ಈ ಸಂಚಿಕೆಗೆ ಒಟ್ಟಿಗೆ ತಗೊಂಡಿದ್ದೇನೆ. ಕಾಗದ ಸಿಕ್ಕಿಕೊಳ್ಳುವುದು, ಇಂಕ್ ಒಣಗುವುದು ಇವೆಲ್ಲ ಕೈಯಿಟ್ಟು ನೋಡಬೇಕಾದ ಕೆಲಸ. ಅಂಥ ಪತ್ರಗಳನ್ನು ಬಿಟ್ಟಿದ್ದೇನೆ. ಇಲ್ಲಿರುವುದೆಲ್ಲ ಪ್ರಿಂಟರ್ ಗಟ್ಟಿಮುಟ್ಟಾಗಿದ್ದು ಕಂಪ್ಯೂಟರೇ ಕೈಕೊಟ್ಟ ಪ್ರಸಂಗಗಳು. ಹೆಚ್ಚಿನವು ಸ್ಪೂಲರಿನವು, ಅಂದರೆ ಪ್ರಿಂಟುಗಳನ್ನು ಸರದಿಯಲ್ಲಿ ಕಳಿಸುವ ವಿಂಡೋಸ್ ಸೇವೆಯವು. ಒಂದು ಮಾತು: ನಾನು ಹೇಳುವ ಹೆಸರುಗಳನ್ನು ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ, ಪರದೆಯ ಮೇಲೆ ಅವು ಇಂಗ್ಲಿಷಿನಲ್ಲೇ ಕಾಣುತ್ತವೆ.

ಪ್ರಶ್ನೆ: ಮೇಡಂ, ನಾನು ದಾವಣಗೆರೆ ನಿಟುವಳ್ಳಿಯಲ್ಲಿ ಮನೆಯಲ್ಲೇ ಹೈಸ್ಕೂಲ್ ಮಕ್ಕಳಿಗೆ ಟ್ಯೂಷನ್ ಹೇಳುತ್ತೇನೆ. ಪ್ರಶ್ನೆಪತ್ರಿಕೆ ಪ್ರಿಂಟ್ ಆಗುತ್ತಿರುವಾಗ ಕರೆಂಟ್ ಹೋಯಿತು. ಅವತ್ತಿನಿಂದ ‘ಪ್ರಿಂಟ್ ಸ್ಪೂಲರ್ ಸೇವೆ ಚಾಲನೆಯಲ್ಲಿಲ್ಲ’ ಅಂತ ಬರುತ್ತದೆ. ಮಗ ಸರ್ವಿಸಸ್‌ಗೆ ಹೋಗಿ ಸ್ಟಾರ್ಟ್ ಕೊಡುತ್ತಾನೆ, ಸ್ವಲ್ಪ ಹೊತ್ತಿನಲ್ಲೇ ಮತ್ತೆ ನಿಂತುಹೋಗುತ್ತದೆ. ಪ್ರಿಂಟರ್ ಲೇಸರ್. ಮುಂಚೆ ಬೇರೆ ಕಂಪನಿಯ ಇಂಕ್‌ಜೆಟ್ ಇತ್ತು, ಮಾರಿದೆವು. ಅಂಗಡಿಯವರು ಪೂರ್ತಿ ಫಾರ್ಮ್ಯಾಟ್ ಮಾಡಬೇಕು ಅನ್ನುತ್ತಿದ್ದಾರೆ. ಮಾಡಿಸಲೇ?

ಉತ್ತರ: ಬೇಡ. ನಿಮ್ಮ ಪತ್ರದಲ್ಲೇ ಎರಡು ಸುಳಿವು ಇವೆ. ಕರೆಂಟ್ ಹೋದದ್ದು ಒಂದು, ಮಾರಿದ ಇಂಕ್‌ಜೆಟ್ ಇನ್ನೊಂದು. ಈ ಎರಡಕ್ಕೂ ವಿಂಡೋಸ್ ಅಳಿಸಿ ಹಾಕುವ ಅಗತ್ಯವಿಲ್ಲ. ಸ್ಪೂಲರ್ ತಾನಾಗಿ ಬೀಳುವುದು ತೀರಾ ಅಪರೂಪ. ಬೀಳಿಸಿದವರು ಬೇರೆ ಇರುತ್ತಾರೆ, ಅವರನ್ನು ಹಿಡಿಯಬೇಕು.

ನೀವು ಪ್ರಿಂಟ್ ಒತ್ತಿದಾಗ ಪುಟ ಸೀದಾ ಪ್ರಿಂಟರಿಗೆ ಹೋಗುವುದಿಲ್ಲ. ಸ್ಪೂಲರ್ ಅದನ್ನು ಡಿಸ್ಕಿನ ಒಂದು ಫೋಲ್ಡರಿನಲ್ಲಿ ಬರೆದಿಟ್ಟುಕೊಂಡು ಸರದಿಯಂತೆ ಕಳಿಸುತ್ತದೆ. ಒಂದೊಂದು ಕೆಲಸಕ್ಕೆ ಎರಡು ಫೈಲು. ಎಸ್‌ಪಿಎಲ್ ಅನ್ನುವುದರಲ್ಲಿ ಪುಟದ ವಿಷಯ, ಎಸ್‌ಎಚ್‌ಡಿ ಅನ್ನುವುದರಲ್ಲಿ ಯಾರು ಕಳಿಸಿದರು, ಯಾವ ಪ್ರಿಂಟರಿಗೆ ಅನ್ನುವ ವಿವರ. ಬರೆಯುತ್ತಿರುವಾಗ ಕರೆಂಟ್ ಹೋದರೆ ಫೈಲು ಅರ್ಧಂಬರ್ಧ ಉಳಿಯುತ್ತದೆ. ಮುಂದೆ ಸ್ಪೂಲರ್ ಎದ್ದ ಕೂಡಲೇ ಹಳೇ ಬಾಕಿ ನೋಡುತ್ತದೆ, ಆ ಅರ್ಧ ಫೈಲಿಗೇ ಕೈಹಾಕುತ್ತದೆ, ಬೀಳುತ್ತದೆ. ಎಪಿಎಂಸಿ ಗೇಟಿನಲ್ಲಿ ಮೆಕ್ಕೆಜೋಳದ ಟ್ರ್ಯಾಕ್ಟರ್ ಅಚ್ಚು ಮುರಿದು ಅಡ್ಡ ನಿಂತರೆ ಹಿಂದಿನವರು ಎಷ್ಟು ಹಾರ್ನ್ ಹೊಡೆದರೂ ಅಷ್ಟೇ. ನಿಮ್ಮ ಮಗ ಸ್ಟಾರ್ಟ್ ಕೊಡುತ್ತಿರುವುದು ಆ ಹಾರ್ನು.

ಗಾಡಿಯನ್ನು ಪಕ್ಕಕ್ಕೆ ಎಳೆಯುವುದು ಹೀಗೆ. ಪ್ರಿಂಟರ್ ಸ್ವಿಚ್ ಆಫ್ ಮಾಡಿ. ಸ್ಟಾರ್ಟ್ ಮೆನುವಿನಲ್ಲಿ ಸರ್ವಿಸಸ್ ಎಂದು ಹುಡುಕಿ ತೆರೆದು, ಪ್ರಿಂಟ್ ಸ್ಪೂಲರ್ ಮೇಲೆ ಬಲಗುಂಡಿ ಒತ್ತಿ ಸ್ಟಾಪ್ ಕೊಡಿ. ನಿಂತಿದ್ದರೆ ಹಾಗೇ ಬಿಡಿ. ಆ ಕಿಟಕಿ ತೆರೆದೇ ಇರಲಿ. ಈಗ ಸಿ ಡ್ರೈವ್, ಅದರಲ್ಲಿ ವಿಂಡೋಸ್, ಅದರಲ್ಲಿ ಸಿಸ್ಟಮ್32, ಅದರಲ್ಲಿ ಸ್ಪೂಲ್, ಅದರಲ್ಲಿ ಪ್ರಿಂಟರ್ಸ್. ಒಳಗೆ ಹೋಗಲು ಅನುಮತಿ ಕೇಳಿದರೆ ಕಂಟಿನ್ಯೂ ಒತ್ತಿ. ಅಲ್ಲಿರುವ ಫೈಲುಗಳನ್ನೆಲ್ಲ ಅಳಿಸಿ. ಫೈಲುಗಳನ್ನು ಮಾತ್ರ. ಪ್ರಿಂಟರ್ಸ್ ಫೋಲ್ಡರ್ ಹಾಗೇ ಇರಬೇಕು, ಪಕ್ಕದಲ್ಲಿರುವ ಡ್ರೈವರ್ಸ್ ಫೋಲ್ಡರನ್ನಂತೂ ಮುಟ್ಟಬಾರದು. ಆಮೇಲೆ ಸರ್ವಿಸಸ್‌ಗೆ ಮರಳಿ ಸ್ಟಾರ್ಟ್ ಕೊಡಿ, ಪ್ರಿಂಟರ್ ಆನ್ ಮಾಡಿ, ನೋಟ್‌ಪ್ಯಾಡಿನಲ್ಲಿ ಒಂದು ಸಾಲು ಬರೆದು ಪ್ರಿಂಟ್ ಕೊಡಿ. ದೊಡ್ಡ ಪಿಡಿಎಫ್ ಮೇಲೆ ಪರೀಕ್ಷೆ ಬೇಡ. ಸರದಿಯಲ್ಲಿದ್ದ ಹಳೇ ಪ್ರಿಂಟುಗಳು ಹೋಗಿರುತ್ತವೆ, ಅವನ್ನು ಮತ್ತೆ ಕಳಿಸಬೇಕು. ನಿಮ್ಮ ವರ್ಡ್ ಫೈಲುಗಳಿಗೇನೂ ಆಗುವುದಿಲ್ಲ, ಹೆದರಬೇಡಿ.

ಇಷ್ಟಕ್ಕೇ ಸರಿಹೋದರೆ ಕರೆಂಟಿನ ಕಡೆ ನೋಡಿ. ಮನೆಯ ಇನ್ವರ್ಟರಿನಲ್ಲಿ ಯುಪಿಎಸ್ ಮೋಡ್ ಎಂಬ ಸ್ವಿಚ್ ಇದ್ದರೆ ಅದನ್ನು ಹಾಕಿಡಿ. ಇಲ್ಲದಿದ್ದರೆ ಬದಲಾಗುವ ಆ ಚೂರು ಹೊತ್ತಿನಲ್ಲೇ ಡೆಸ್ಕ್‌ಟಾಪ್ ಆಫ್ ಆಗುತ್ತದೆ. ಆದರೆ ಲೇಸರ್ ಪ್ರಿಂಟರನ್ನು ಇನ್ವರ್ಟರಿಗೂ ಸಣ್ಣ ಯುಪಿಎಸ್‌ಗೂ ಸಿಕ್ಕಿಸಬೇಡಿ. ಅದರೊಳಗೆ ಟೋನರ್ ಪುಡಿಯನ್ನು ಕಾಗದಕ್ಕೆ ಕರಗಿಸಿ ಅಂಟಿಸುವ ಫ್ಯೂಸರ್ ಸುಮಾರು 200 ಡಿಗ್ರಿ ಸೆಲ್ಸಿಯಸ್‌ವರೆಗೂ ಕಾಯುತ್ತದೆ, ಕಾಯುವಾಗ ಒಮ್ಮೆಲೇ ಜಾಸ್ತಿ ಕರೆಂಟ್ ಎಳೆಯುತ್ತದೆ. ಆ ಹೊಡೆತಕ್ಕೆ ಯುಪಿಎಸ್ ಕೀಂಯ್ ಎಂದು ಕಂಪ್ಯೂಟರನ್ನೂ ಕೂಡಿಸಿಕೊಂಡು ಮಲಗಿಬಿಡುತ್ತದೆ. ಕಂಪ್ಯೂಟರಿಗೆ ಯುಪಿಎಸ್ ಇರಲಿ, ಲೇಸರಿಗೆ ಗೋಡೆಯ ಪ್ಲಗ್ಗು.

ಫೈಲು ಅಳಿಸಿದ ಮೇಲೂ ಬಿದ್ದರೆ ಡ್ರೈವರ್ ಮೇಲೆ, ಅಂದರೆ ವಿಂಡೋಸ್ ಪ್ರಿಂಟರಿನ ಜೊತೆ ಮಾತಾಡಲು ಬೇಕಾದ ಸಣ್ಣ ತಂತ್ರಾಂಶದ ಮೇಲೆ, ನನಗೆ ಅನುಮಾನ. ಇಲ್ಲಿ ಊಹೆ ಮಾಡುವುದು ಬೇಡ, ವಿಂಡೋಸ್ ತಾನೇ ಬರೆದಿಟ್ಟಿರುತ್ತದೆ. ಈವೆಂಟ್ ವ್ಯೂವರ್ ತೆರೆದು, ವಿಂಡೋಸ್ ಲಾಗ್ಸ್ ಕೆಳಗೆ ಅಪ್ಲಿಕೇಷನ್ ಒತ್ತಿ. ಸ್ಪೂಲರ್ ಬಿದ್ದ ಸಮಯಕ್ಕೆ ಸರಿಯಾಗಿ ಕೆಂಪು ಗುರುತಿನ ಒಂದು ನಮೂದು ಇರುತ್ತದೆ, ಸಂಖ್ಯೆ 1000. ಅದರಲ್ಲಿ ಬಿದ್ದ ಪ್ರೋಗ್ರಾಮಿನ ಹೆಸರು ಸ್ಪೂಲ್‌ಎಸ್‌ವಿ ಎಂದಿರಬೇಕು. ಅದರ ಕೆಳಗೆ ‘ಫಾಲ್ಟಿಂಗ್ ಮಾಡ್ಯೂಲ್’ (ಎಡವಿದ ತುಣುಕು) ಎಂದು ಒಂದು ಡಿಎಲ್‌ಎಲ್ ಫೈಲಿನ ಹೆಸರು ಇದೆಯಲ್ಲ, ನನ್ನ ಮೇಜಿಗೆ ಸಿಪಿಯು ಬಂದರೆ ನಾನು ಮೊದಲು ಓದುವುದು ಅದನ್ನೇ. ಆ ಫೈಲನ್ನು ಹುಡುಕಿ, ಪ್ರಾಪರ್ಟೀಸ್‌ನಲ್ಲಿ ಡೀಟೇಲ್ಸ್ ನೋಡಿದರೆ ಯಾವ ಕಂಪನಿಯದು ಎಂದು ಗೊತ್ತಾಗುತ್ತದೆ. ಎನ್‌ಟಿಡಿಎಲ್‌ಎಲ್ ಎಂಬ ಹೆಸರಿದ್ದರೆ ಮಾತ್ರ ಅಷ್ಟಾಗಿ ಉಪಯೋಗವಿಲ್ಲ. ಅದು ವಿಂಡೋಸ್‌ನದೇ ಫೈಲು, ಯಾರೋ ಮಾಡಿದ ಕಿತಾಪತಿ ಅದರ ತಲೆಗೆ ಬಂದಿರುತ್ತದೆ.

ನಿಮ್ಮಲ್ಲಿ ಆ ಡಿಎಲ್‌ಎಲ್ ಮಾರಿದ ಇಂಕ್‌ಜೆಟ್ ಕಂಪನಿಯದಾಗಿದ್ದರೂ ನನಗೆ ಆಶ್ಚರ್ಯವಿಲ್ಲ. ಪ್ರಿಂಟರ್ ಮನೆಯಿಂದ ಹೋದರೂ ಡ್ರೈವರ್ ಹೋಗುವುದಿಲ್ಲ. ಅದರ ಜೊತೆ ಬಂದ ಚೂರುಪಾರು, ಇಂಕ್ ಎಷ್ಟಿದೆ ಎಂದು ನೋಡುವ ಮಾನಿಟರ್ ತರಹದ್ದು, ಸ್ಪೂಲರ್ ಎದ್ದಾಗಲೆಲ್ಲ ಅದರೊಳಗೇ ಸೇರಿಕೊಂಡು ಏಳುತ್ತದೆ. ಒಬ್ಬ ಡ್ರೈವರ್ ಎಡವಿದರೆ ಇಡೀ ಸೇವೆ ನೆಲಕ್ಕೆ.

ತೆಗೆಯುವ ರೀತಿ: ಯುಎಸ್‌ಬಿ ಕೇಬಲ್ ಬಿಚ್ಚಿ. ಕಂಟ್ರೋಲ್ ಪ್ಯಾನೆಲ್‌ನಲ್ಲಿ ಹಳೇ ಪ್ರಿಂಟರಿನ ಸಾಫ್ಟ್‌ವೇರ್ ಇದ್ದರೆ ಅನ್‌ಇನ್‌ಸ್ಟಾಲ್ ಮಾಡಿ. ಸೆಟ್ಟಿಂಗ್ಸ್‌ನ ಪ್ರಿಂಟರ್ಸ್ ಅಂಡ್ ಸ್ಕ್ಯಾನರ್ಸ್‌ನಲ್ಲಿ ಎರಡೂ ಪ್ರಿಂಟರುಗಳನ್ನು ರಿಮೂವ್ ಮಾಡಿ. ಅದೇ ಪುಟದಲ್ಲಿ ‘ಪ್ರಿಂಟ್ ಸರ್ವರ್ ಪ್ರಾಪರ್ಟೀಸ್’ ಎಂದಿರುತ್ತದೆ. ಮನೆಯಲ್ಲಿ ಸರ್ವರ್ ಎಲ್ಲಿಂದ ಬಂತು ಎಂದು ಜನ ಅದನ್ನು ದಾಟಿ ಹೋಗುತ್ತಾರೆ, ಆದರೆ ಬೇಕಾದ್ದು ಅದೇ. ಅಲ್ಲಿ ಡ್ರೈವರ್ಸ್ ಟ್ಯಾಬ್‌ನಲ್ಲಿ ಹೆಸರು ಆರಿಸಿ ರಿಮೂವ್ ಒತ್ತಿ, ‘ಡ್ರೈವರ್ ಮತ್ತು ಡ್ರೈವರ್ ಪ್ಯಾಕೇಜ್’ ಎರಡನ್ನೂ ತೆಗೆ ಎಂಬ ಆಯ್ಕೆ ಕೊಡಿ. ಬಳಕೆಯಲ್ಲಿದೆ ಎಂದು ಹಟ ಹಿಡಿದರೆ ಸ್ಪೂಲರನ್ನು ನಿಲ್ಲಿಸಿ, ಮತ್ತೆ ಎಬ್ಬಿಸಿ, ತಕ್ಷಣ ರಿಮೂವ್ ಒತ್ತಿ. ಆಮೇಲೆ ರೀಸ್ಟಾರ್ಟ್. ಲೇಸರಿನ ಡ್ರೈವರನ್ನು ಅದರ ಕಂಪನಿಯ ಜಾಲತಾಣದಿಂದಲೇ ಇಳಿಸಿ ಹಾಕಿ, ಕೇಬಲ್ ಸಿಕ್ಕಿಸು ಎಂದು ಅದೇ ಕೇಳುವವರೆಗೆ ಸಿಕ್ಕಿಸಬೇಡಿ.

ಸರ್ವಿಸಸ್‌ನ ರಿಕವರಿ ಟ್ಯಾಬ್‌ನಲ್ಲಿ ಬಿದ್ದಾಗಲೆಲ್ಲ ತಾನೇ ಏಳು ಎಂದು ಹೊಂದಿಸಿಕೊಡುವವರೂ ಇದ್ದಾರೆ. ಅದು ಜ್ವರಕ್ಕೆ ಕಾರಣ ಹುಡುಕದೆ ಮಾತ್ರೆ ನುಂಗಿಸುವ ಬುದ್ಧಿ, ನನಗೆ ಹಿಡಿಸುವುದಿಲ್ಲ. ಡ್ರೈವರ್ ಅಪ್‌ಡೇಟ್ ಮಾಡುತ್ತೇವೆ ಎನ್ನುವ ಬಿಟ್ಟಿ ತಂತ್ರಾಂಶಗಳನ್ನಂತೂ ಮನೆಗೆ ಸೇರಿಸಲೇಬೇಡಿ.

ಪ್ರಶ್ನೆ: ಅಕ್ಕಾ, ಚಳ್ಳಕೆರೆಯಿಂದ ಬರೆಯುತ್ತಿದ್ದೇನೆ. ಪರಿಚಯದವರಿಂದ ಹಳೇ ಡೆಸ್ಕ್‌ಟಾಪ್ ತಗೊಂಡೆ. ಅದರಲ್ಲಿ ಸ್ಪೂಲರಿಗೆ ಸ್ಟಾರ್ಟ್ ಗುಂಡಿಯೇ ಮಸುಕಾಗಿದೆ, ಒತ್ತಲು ಬರುವುದಿಲ್ಲ. ಮಾರಿದವರನ್ನು ಕೇಳಿದರೆ ‘ವೈರಸ್ ಬರ್ತದೆ ಅಂತ ಆಫ್ ಮಾಡಿದ್ವಿ’ ಅಂದರು. ನಿಜವೇ?

ಉತ್ತರ: ಅವರು ಸುಳ್ಳು ಹೇಳಿಲ್ಲ. 2021ರ ಜೂನ್ ಕೊನೆ, ಜುಲೈ ಹೊತ್ತಿಗೆ ‘ಪ್ರಿಂಟ್‌ನೈಟ್‌ಮೇರ್’ ಎಂಬ ದೋಷ ಹೊರಬಿತ್ತು. ಸ್ಪೂಲರ್ ಮೂಲಕ ಹೊರಗಿನವರು ಕಂಪ್ಯೂಟರಿನ ಪೂರ್ತಿ ಅಧಿಕಾರ ಹಿಡಿಯಬಹುದಿತ್ತು. ಪರಿಹಾರ ಬರುವವರೆಗೆ ಸ್ಪೂಲರನ್ನು ನಿಲ್ಲಿಸಿ ಎಂದು ಮೈಕ್ರೋಸಾಫ್ಟೇ ಹೇಳಿತ್ತು. ಜುಲೈ ತಿಂಗಳಲ್ಲೇ ತುರ್ತು ಅಪ್‌ಡೇಟೂ ಬಂತು. ಆರಿಸಿದವರು ಮತ್ತೆ ಹಚ್ಚುವುದನ್ನು ಮರೆತರು, ಅಷ್ಟೇ. ಸ್ಪೂಲರಿನ ಮೇಲೆ ಕಳ್ಳರ ಕಣ್ಣು ಹೊಸದೂ ಅಲ್ಲ. 2010ರಲ್ಲಿ ಬಯಲಾದ ಸ್ಟಕ್ಸ್‌ನೆಟ್ ಎಂಬ ಕುತಂತ್ರಾಂಶ ಕೂಡ ಸ್ಪೂಲರಿನ ಒಂದು ದೋಷವನ್ನು ಬಳಸಿಕೊಂಡಿತ್ತು.

ಮೊದಲು ವಿಂಡೋಸ್ ಅಪ್‌ಡೇಟುಗಳನ್ನೆಲ್ಲ ಹಾಕಿ. ಆಮೇಲೆ ಸರ್ವಿಸಸ್‌ನಲ್ಲಿ ಪ್ರಿಂಟ್ ಸ್ಪೂಲರನ್ನು ಎರಡು ಸಲ ಒತ್ತಿ ತೆರೆದು, ಸ್ಟಾರ್ಟಪ್ ಟೈಪ್ ‘ಡಿಸೇಬಲ್ಡ್’ ಇರುವುದನ್ನು ‘ಆಟೋಮ್ಯಾಟಿಕ್’ ಮಾಡಿ, ಅಪ್ಲೈ ಕೊಡಿ. ಮಸುಕು ಹೋಗಿ ಸ್ಟಾರ್ಟ್ ಗುಂಡಿ ಜೀವ ಪಡೆಯುತ್ತದೆ. ಇನ್ನೂ ಏಳದಿದ್ದರೆ ಡಿಪೆಂಡೆನ್ಸೀಸ್ ಟ್ಯಾಬ್ ನೋಡಿ. ಅಲ್ಲಿರುವ ರಿಮೋಟ್ ಪ್ರೊಸೀಜರ್ ಕಾಲ್ ಎಂಬ ಸೇವೆ ನಡೆಯುತ್ತಿರಬೇಕು. ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ ಎಂಬುದು ಹಳೇ ಯಂತ್ರ ಕೊಂಡವರಿಗೆ ನೆನಪಿರಲಿ.

ಪ್ರಶ್ನೆ: ಹರಿಹರದ ಓದುಗ. ಪ್ರಿಂಟರ್ ಹೆಸರಿನ ಮುಂದೆ ‘ಕಾಪಿ 1’ ಎಂದು ಇನ್ನೊಂದು ಹುಟ್ಟಿಕೊಂಡಿದೆ. ಹಳೆಯದು ಆಫ್‌ಲೈನ್ ಅನ್ನುತ್ತದೆ.

ಉತ್ತರ: ಕಸ ಗುಡಿಸುವಾಗ ಕೇಬಲ್ ಬಿಚ್ಚಿ ಬೇರೆ ಯುಎಸ್‌ಬಿ ತೂತಿಗೆ ಹಾಕಿರುತ್ತೀರಿ. ಮೊದಲಿನದಕ್ಕೇ ಹಾಕಿ. ಯಾವುದು ಮೊದಲಿನದೋ ನೆನಪಿಲ್ಲದಿದ್ದರೆ ‘ಕಾಪಿ 1’ ಅನ್ನೇ ಡಿಫಾಲ್ಟ್ ಮಾಡಿಕೊಂಡು ಹಳೆಯದನ್ನು ತೆಗೆಯಿರಿ.

ಪ್ರಶ್ನೆ: ಜಗಳೂರು ತಾಲ್ಲೂಕಿನ ಹಳ್ಳಿಯವನು. ಮನೆಯ ಕಂಪ್ಯೂಟರಿನಲ್ಲಿ ಅಪ್ಪನ ಪಹಣಿ ಪಿಡಿಎಫ್ ಪ್ರಿಂಟ್ ಕೊಟ್ಟಾಗ ಮಾತ್ರ ಸ್ಪೂಲರ್ ನಿಂತುಹೋಗುತ್ತದೆ. ಬೇರೆ ಏನು ಕೊಟ್ಟರೂ ಚೆನ್ನಾಗಿ ಬರುತ್ತದೆ. ಪಹಣಿ ಫೈಲೇ ಸರಿಯಿಲ್ಲವೇ?

ಉತ್ತರ: ಪರದೆಯ ಮೇಲೆ ಸರಿಯಾಗಿ ಕಾಣುತ್ತಿದ್ದರೆ ಫೈಲನ್ನು ದೂರುವ ಮೊದಲು ಡ್ರೈವರನ್ನು ಸಂಶಯಿಸಿ. ಪಿಡಿಎಫ್‌ನೊಳಗಿನ ಅಕ್ಷರಗಳನ್ನು, ಚಿತ್ರಗಳನ್ನು ಪ್ರಿಂಟರಿನ ಭಾಷೆಗೆ ತಿರುಗಿಸುವಾಗ ಕೆಲವು ಡ್ರೈವರುಗಳು ಮುಗ್ಗರಿಸುತ್ತವೆ. ಸರದಿಯಲ್ಲಿ ಕೂತಿರುವ ಆ ಫೈಲನ್ನು ಮೊದಲು ಮೇಲೆ ಹೇಳಿದ ರೀತಿ ಅಳಿಸಿ. ಅಡೋಬಿ ರೀಡರ್ ಇದ್ದರೆ ಪ್ರಿಂಟ್ ಕಿಟಕಿಯಲ್ಲಿ ಅಡ್ವಾನ್ಸ್ಡ್ ಒತ್ತಿ ‘ಪ್ರಿಂಟ್ ಆಸ್ ಇಮೇಜ್’ ಗೆ ಗುರುತು ಹಾಕಿ. ಪುಟ ಪೂರ್ತಿ ಒಂದು ಚಿತ್ರವಾಗಿ ಹೋಗುತ್ತದೆ. ಸ್ವಲ್ಪ ನಿಧಾನ, ಆದರೆ ಬರುತ್ತದೆ. ರೀಡರ್ ಇಲ್ಲದಿದ್ದರೆ ಅದೇ ಪಿಡಿಎಫ್ ಅನ್ನು ಬ್ರೌಸರಿನಲ್ಲಿ ತೆರೆದು ಕೊಟ್ಟು ನೋಡಿ.

ಇನ್ನೊಂದು ಉಪಾಯ, ಪ್ರಿಂಟರ್ ಪ್ರಾಪರ್ಟೀಸ್‌ನ ಅಡ್ವಾನ್ಸ್ಡ್ ಟ್ಯಾಬ್‌ನಲ್ಲಿ ‘ಎನೇಬಲ್ ಅಡ್ವಾನ್ಸ್ಡ್ ಪ್ರಿಂಟಿಂಗ್ ಫೀಚರ್ಸ್’ ಎಂಬ ಗುರುತು ತೆಗೆಯುವುದು. ಆಗ ಪುಟವನ್ನು ಪ್ರಿಂಟರಿನ ಭಾಷೆಗೆ ತಿರುಗಿಸುವ ಭಾರ ಸ್ಪೂಲರಿನ ಹೆಗಲಿಂದ ಇಳಿದು ನೀವು ಪ್ರಿಂಟ್ ಕೊಟ್ಟ ಪ್ರೋಗ್ರಾಮಿನ ಮೇಲೆ ಬೀಳುತ್ತದೆ. ಒಂದು ಹಾಳೆಗೆ ಎರಡು ಪುಟ ತರಹದ ಕೆಲವು ಸೌಕರ್ಯ ಹೋಗಬಹುದು. ಪಹಣಿಗೆ ಅದೇನೂ ಬೇಕಿಲ್ಲ.

ನುಡಿಯ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ್ದು ಬೇರೆ ಕಡೆ ಪ್ರಿಂಟ್ ಕೊಟ್ಟರೆ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನವಾಗುತ್ತದೆ ಎಂದೂ ಕೇಳಿದ್ದೀರಿ. ಅದರಲ್ಲಿ ಸ್ಪೂಲರಿನ ಪಾತ್ರವಿಲ್ಲ. ಆ ಕಂಪ್ಯೂಟರಿನಲ್ಲಿ ಆ ಫಾಂಟ್ ಇಲ್ಲ. ನಿಮ್ಮ ಮನೆಯಲ್ಲೇ ಪಿಡಿಎಫ್ ಮಾಡಿಕೊಂಡು ಹೋಗಿ.

ಪ್ರಶ್ನೆ: ಚಿತ್ರದುರ್ಗದ ಕೆಳಗೋಟೆ, ನಿವೃತ್ತ ನೌಕರ. ಮೊಮ್ಮಗಳು ಹೊಸ ವಿಂಡೋಸ್ 11 ಲ್ಯಾಪ್‌ಟಾಪಿನಲ್ಲಿ ಏನೋ ಸುರಕ್ಷತೆಯ ಸ್ವಿಚ್ ಹಾಕಿದಳು, ನನ್ನ ಹಳೇ ಪ್ರಿಂಟರ್ ಪಟ್ಟಿಯಿಂದಲೇ ಮಾಯ. ಗ್ರಾಹಕ ಸೇವೆ ಎಂದು ಗೂಗಲ್‌ನಲ್ಲಿ ಸಿಕ್ಕ ನಂಬರಿಗೆ ಫೋನ್ ಮಾಡಿದರೆ, ಒಂದು ಆ್ಯಪ್ ಹಾಕಿಕೊಳ್ಳಿ, ನಾವೇ ಒಳಗೆ ಬಂದು ಸರಿಮಾಡುತ್ತೇವೆ, ಹತ್ತು ರೂಪಾಯಿ ಕಟ್ಟಿ ಎಂದರು. ಅನುಮಾನ ಬಂದು ಇಟ್ಟುಬಿಟ್ಟೆ.

ಉತ್ತರ: ಸರ್, ಇಟ್ಟಿದ್ದೇ ಸರಿ. ಹುಡುಕಾಟದಲ್ಲಿ ಸಿಗುವ ಗ್ರಾಹಕ ಸೇವೆ ನಂಬರುಗಳಲ್ಲಿ ವಂಚಕರು ತುಂಬಿದ್ದಾರೆ. ಆ ಆ್ಯಪ್ ಹಾಕಿದರೆ ನಿಮ್ಮ ಪರದೆ ಅವರ ಕೈಗೆ, ಹತ್ತು ರೂಪಾಯಿ ಕಟ್ಟುವಾಗ ಬ್ಯಾಂಕಿನ ವಿವರವೂ ಅವರ ಕಣ್ಣಿಗೆ. ಪ್ರಿಂಟರಿನ ಡಬ್ಬಿ ಅಥವಾ ಪುಸ್ತಿಕೆಯ ಮೇಲಿರುವ ನಂಬರನ್ನೇ ಬಳಸಿ. ಯಾರಾದರೂ ದುಡ್ಡು ಕಳೆದುಕೊಂಡಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಬೇಕು.

ಮೊಮ್ಮಗಳು ಹಾಕಿದ್ದು ‘ವಿಂಡೋಸ್ ಪ್ರೊಟೆಕ್ಟೆಡ್ ಪ್ರಿಂಟ್ ಮೋಡ್’ ಇರಬೇಕು. ವಿಂಡೋಸ್ 11ರ 24ಎಚ್2 ಆವೃತ್ತಿಯಿಂದ ಬಂದಿದೆ. ಕಂಪನಿಗಳ ಡ್ರೈವರುಗಳಿಂದಲೇ ಸ್ಪೂಲರಿಗೆ ಇಷ್ಟೆಲ್ಲ ಕಾಟವಾದ್ದರಿಂದ, ಆ ಡ್ರೈವರುಗಳನ್ನೇ ಹೊರಗಿಟ್ಟು ವಿಂಡೋಸ್‌ನ ಸ್ವಂತ ಡ್ರೈವರಿನಲ್ಲಿ ಮಾತ್ರ ನಡೆಸುವ ಏರ್ಪಾಡು ಅದು. ಹೊಸ ಪ್ರಿಂಟರ್ ಇದ್ದವರಿಗೆ ಒಳ್ಳೆಯದೇ. ಕಂಪನಿಯ ಡ್ರೈವರ್ ಇಲ್ಲದೆಯೂ ನಡೆಯುತ್ತದೆ ಎಂಬ ಮೋಪ್ರಿಯಾ ಪ್ರಮಾಣೀಕರಣ ಇಲ್ಲದ ಹಳೇ ಪ್ರಿಂಟರಿಗೆ ಅಲ್ಲಿ ಜಾಗವಿಲ್ಲ. ಸೆಟ್ಟಿಂಗ್ಸ್‌ನ ಪ್ರಿಂಟರ್ಸ್ ಅಂಡ್ ಸ್ಕ್ಯಾನರ್ಸ್‌ನಲ್ಲಿ ಅದನ್ನು ಆಫ್ ಮಾಡಿ, ಪ್ರಿಂಟರನ್ನು ಹೊಸದಾಗಿ ಸೇರಿಸಿ. ಪ್ರಿಂಟರ್ ಜೊತೆ ಬಂದ ಹಳೇ ಸಿಡಿ ಹಾಕಲು ಹೋಗಬೇಡಿ. ವಿಂಡೋಸ್ 11ರಲ್ಲಿ ಇರುವುದು 64 ಬಿಟ್ ಮಾತ್ರ, ಆ ಸಿಡಿಯಲ್ಲಿ 32 ಬಿಟ್ ಡ್ರೈವರ್ ಅಷ್ಟೇ ಇದ್ದರೆ ನಡೆಯುವುದಿಲ್ಲ. ಕಂಪನಿಯ ಜಾಲತಾಣದಲ್ಲಿ ನಿಮ್ಮ ಮಾಡೆಲ್ ನಂಬರ್ ಕೊಟ್ಟು ವಿಂಡೋಸ್ 11ರದ್ದು ಇದೆಯೇ ನೋಡಿ, ಇಲ್ಲದಿದ್ದರೆ ವಿಂಡೋಸ್ 10ರ 64 ಬಿಟ್ ಡ್ರೈವರ್ ಎಷ್ಟೋ ಸಲ ನಡೆಯುತ್ತದೆ. ಅದೂ ಸಿಗದಿದ್ದರೆ ಮಾಡೆಲ್ ನಂಬರ್ ಬರೆದು ಕಳಿಸಿ, ಮುಂದಿನ ಸಂಚಿಕೆಯಲ್ಲಿ ನೋಡೋಣ.